'ಏನು ಬೇಕು ಕೇಳು' ಅಂದ ರಾಜ, ಒಂದು ಹಳ್ಳಿ ಕೇಳಿದ ದಂಡನಾಯಕ: ಗಂಗರಾಜನ ಕಥೆ

ಬಸ್ಸಲ್ಲೋ, ಹೊಲದ ಬದುವಿನಲ್ಲೋ, ಹಾಸ್ಟೆಲ್ ರೂಮಲ್ಲೋ ಕೂತು ಕೇಳ್ತಿರೋ ನಿಮಗೆಲ್ಲ ಮೊದಲು ಒಂದು ಪ್ರಶ್ನೆ.

ಒಬ್ಬ ಸೇನಾಪತಿ ಇದ್ದಾನೆ ಅಂದ್ಕೊಳ್ಳಿ. ದೊಡ್ಡ ಯುದ್ಧ ಗೆದ್ದಿದ್ದಾನೆ. ಕುದುರೆ, ಕಾಲಾಳು ಎಲ್ಲ ಅವನ ಮಾತು ಕೇಳುತ್ತೆ. ರಾಜ ಅರಮನೆಯಲ್ಲಿದ್ದಾನೆ, ಕತ್ತಿ ಇರೋದು ಸೇನಾಪತಿಯ ಕೈಯಲ್ಲಿ. ಈಗ ಅವನು 'ಸಿಂಹಾಸನ ನನಗೇ ಯಾಕಾಗಬಾರದು' ಅಂತ ಯೋಚನೆ ಮಾಡಿದ್ರೆ ತಡೆಯೋರು ಯಾರು?

ಚರಿತ್ರೆಯಲ್ಲಿ ಎಷ್ಟೋ ಜನ ಹಾಗೆ ಯೋಚನೆ ಮಾಡಿದ್ದಾರೆ. ರೋಮ್‌ನ ಜೂಲಿಯಸ್ ಸೀಸರ್ ಗೊತ್ತಲ್ಲ, ಕ್ರಿ.ಪೂ. 49ರಲ್ಲಿ ರೂಬಿಕಾನ್ ಅನ್ನೋ ಸಣ್ಣ ಹೊಳೆ ದಾಟಿ ತನ್ನದೇ ರಾಜ್ಯದ ಮೇಲೆ ಸೈನ್ಯ ನುಗ್ಗಿಸಿದ. ಅಷ್ಟು ದೂರ ಹೋಗೋದೇ ಬೇಡ. ಬಸವಣ್ಣನ ಕಥೆಯಲ್ಲಿ ಬರುವ ಬಿಜ್ಜಳ ಯಾರು? ಕಲ್ಯಾಣ ಚಾಲುಕ್ಯರ ಸಾಮಂತ. 12ನೇ ಶತಮಾನದ ನಡುವಿನಲ್ಲಿ ಒಡೆಯನ ಸಿಂಹಾಸನದಲ್ಲೇ ಕೂತುಬಿಟ್ಟ.

ಆದರೆ ರೋಮ್‌ನಲ್ಲೇ ಇನ್ನೊಬ್ಬ ಸೇನಾಪತಿಯೂ ಇದ್ದ. ಹೆಸರು ಅಗ್ರಿಪ್ಪ. ದೊಡ್ಡ ಮನೆತನದವನಲ್ಲ. ಕ್ರಿ.ಪೂ. 31ರಲ್ಲಿ ಆಕ್ಟಿಯಮ್ ಅನ್ನೋ ಕಡೆ ಸಮುದ್ರಯುದ್ಧ ಗೆದ್ದು ತನ್ನ ಗೆಳೆಯನಿಗೆ ಇಡೀ ಸಾಮ್ರಾಜ್ಯ ತಂದುಕೊಟ್ಟ. ಆ ಗೆಳೆಯನೇ ಮುಂದೆ ಚಕ್ರವರ್ತಿ ಅಗಸ್ಟಸ್ ಆದ. ಗೆದ್ದ ಸೇನಾಪತಿಗೆ ರೋಮ್‌ನಲ್ಲಿ ವಿಜಯೋತ್ಸವದ ಮೆರವಣಿಗೆ ಮಾಡ್ತಿದ್ರು. ಅದು ಅವರ ಕಡೆಯ ಅತಿದೊಡ್ಡ ಗೌರವ. ಅಗ್ರಿಪ್ಪ ಅದನ್ನೂ ಬೇಡ ಅಂದ. ಬದಲಿಗೆ ಊರಿಗೆ ನೀರಿನ ಕಾಲುವೆ ತಂದ, ಪ್ಯಾಂಥಿಯನ್ ಅನ್ನೋ ದೇವಾಲಯ ಕಟ್ಟಿಸಿದ. ಆ ಕಟ್ಟಡ ಹಾಳಾದ ಮೇಲೆ ಬೇರೆ ಚಕ್ರವರ್ತಿ ಹೊಸದಾಗಿ ಕಟ್ಟಿಸಿದರೂ, ಮುಂಭಾಗದ ಕಲ್ಲಿನಲ್ಲಿ ಅಗ್ರಿಪ್ಪನ ಹೆಸರನ್ನೇ ಉಳಿಸಿದ. ಇವತ್ತಿಗೂ ಇದೆ.

ಈಗ ನಮ್ಮ ಕಡೆಗೆ ಬರೋಣ. ನಾನು ಕೊಣನೂರಿನವನು. ಹಾಸನ ಜಿಲ್ಲೆ, ಅರಕಲಗೂಡು ತಾಲ್ಲೂಕು, ಕಾವೇರಿ ದಡ. ನಮ್ಮ ಜಿಲ್ಲೆಗೂ ಒಬ್ಬ ಅಗ್ರಿಪ್ಪ ಇದ್ದ ಅಂತ ನನಗೆ ಅನ್ನಿಸುತ್ತೆ. ಅವನೇ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಹೆಸರು ಕೇಳಿ ಗಂಗ ವಂಶದ ದೊರೆ ಅಂದ್ಕೋಬೇಡಿ. 'ರಾಜ' ಅನ್ನೋದು ಹೆಸರಿನ ಕೊನೆಯಲ್ಲಿದೆ ಅಷ್ಟೇ. ರಾಜ ಆಗೋದಕ್ಕೆ ಅವನು ಯಾವತ್ತೂ ಹೋಗಲಿಲ್ಲ. ಇವತ್ತಿನ ಕಥೆಯ ತಿರುಳೇ ಅದು.

ಮೊದಲು ಆ ಕಾಲದ ನಕ್ಷೆ ಒಂದು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಕ್ರಿ.ಶ. 1000ದ ಆಸುಪಾಸು. ಮೈಸೂರು, ಮಂಡ್ಯ, ಹಾಸನದ ಭಾಗಗಳೆಲ್ಲ ಸೇರಿದ ನಾಡಿಗೆ ಗಂಗವಾಡಿ 96,000 ಅಂತ ಹೆಸರು. ಅದನ್ನು ಆಳ್ತಿದ್ದ ಗಂಗರ ರಾಜಧಾನಿ ತಲಕಾಡು. 1004ರ ಸುಮಾರಿಗೆ ತಮಿಳುನಾಡಿನ ಚೋಳರು ಬಂದು ತಲಕಾಡನ್ನು ಹಿಡಿದ್ರು. ಗಂಗರ ಆಳ್ವಿಕೆ ಅಲ್ಲಿಗೆ ಮುಗೀತು.

ಅದರ ಬಿಸಿ ನಮ್ಮ ಕೊಣನೂರು ಕಡೆಗೂ ತಟ್ಟಿತ್ತು. ಕಾವೇರಿ ಮತ್ತು ಹೇಮಾವತಿ ನಡುವಿನ ಈ ಸೀಮೆ, ಪಕ್ಕದ ಉತ್ತರ ಕೊಡಗು ಎಲ್ಲ ಕೊಂಗಾಳ್ವರು ಅನ್ನೋ ಸಣ್ಣ ಅರಸರ ಕೈಯಲ್ಲಿತ್ತು. ಅವರಿಗೆ ಆ ಪಟ್ಟ ಬಂದದ್ದು ಹೇಗೆ ಗೊತ್ತಾ? ಕಾವೇರಿ ದಡದ ಪನಸೋಗೆಯಲ್ಲಿ, ಅಂದ್ರೆ ಈಗಿನ ಹನಸೋಗೆಯಲ್ಲಿ, ಚೋಳರಿಗೂ ಚೆಂಗಾಳ್ವರಿಗೂ ಯುದ್ಧ ಆಯ್ತು. ಅದರಲ್ಲಿ ಮನಿಜ ಅನ್ನೋ ವೀರ ಚೋಳರ ಪರವಾಗಿ ಹೋರಾಡಿದ. ಅದಕ್ಕೆ ಮೆಚ್ಚಿ ಚೋಳ ರಾಜರಾಜ ಅವನಿಗೆ 'ಕೊಂಗಾಳ್ವ' ಅನ್ನೋ ಬಿರುದನ್ನೂ ಕೊಡಗಿನ ಮಾಲಂಬಿಯನ್ನೂ ಕೊಟ್ಟ. ಅಂದ್ರೆ ನಮ್ಮ ಸೀಮೆಯ ಅರಸರ ಬಿರುದೂ ತಂಜಾವೂರಿನಿಂದ ಬಂದದ್ದೇ.

ಹೀಗೆ ನೂರು ವರ್ಷದ ಮೇಲೆ ಕಳೀತು. ಅಷ್ಟರಲ್ಲಿ ಮಲೆನಾಡಿನ ಅಂಚಿನಿಂದ ಹೊಯ್ಸಳರು ಬೆಳೆದು ಬಂದ್ರು. 1108ರ ಹೊತ್ತಿಗೆ ವಿಷ್ಣುವರ್ಧನ ಪಟ್ಟಕ್ಕೆ ಬಂದ. ರಾಜಧಾನಿ ದೋರಸಮುದ್ರ, ಅಂದ್ರೆ ನಮ್ಮ ಹಳೇಬೀಡು. ಅವನ ಸೈನ್ಯದ ದೊಡ್ಡ ಹೆಸರು ಈ ಗಂಗರಾಜ. ತಂದೆ ಏಚಿರಾಜ, ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮಿ, ಮಗ ಬೊಪ್ಪ. ಮನೆಯವರೆಲ್ಲ ಜೈನ ಧರ್ಮದವರು.

1116. ಗಂಗರಾಜ ತಲಕಾಡಿನ ಮೇಲೆ ದಂಡೆತ್ತಿ ಹೋದ. ಕೊಣನೂರಿನ ತೂಗುಸೇತುವೆ ಮೇಲೆ ನಿಂತು ಕೆಳಗೆ ನೋಡಿದ್ರೆ ಹರಿಯೋ ಇದೇ ಕಾವೇರಿ ರಾಮನಾಥಪುರ, ಚುಂಚನಕಟ್ಟೆ, ಶ್ರೀರಂಗಪಟ್ಟಣ ಎಲ್ಲ ದಾಟಿ ತಲಕಾಡಿಗೆ ಹೋಗುತ್ತೆ. ತಲಕಾಡು ಯಾರ ಕೈಯಲ್ಲಿದೆಯೋ ಈ ನದಿಯ ಬಯಲು ಅವರ ಕೈಯಲ್ಲಿ, ಈ ಬಯಲಿನ ಭತ್ತವೂ ಅವರ ಕೈಯಲ್ಲಿ. ಆ ಕಾಲಕ್ಕೆ ಅದೇ ದೊಡ್ಡ ಆಸ್ತಿ.

ಅಲ್ಲಿ ಚೋಳರ ಪರವಾಗಿ ಇದ್ದವನು ಅದಿಯಮ ಅನ್ನೋ ಸಾಮಂತ. ನಾಡು ಬಿಟ್ಟುಕೊಡು ಅಂದಾಗ ಅವನು ಸುಮ್ಮನೆ ಬಿಡಲಿಲ್ಲ, ಕಾದಾಡಿ ತಗೋ ಅಂದ ಅಂತ ಶ್ರವಣಬೆಳಗೊಳದ ಶಾಸನ ಹೇಳುತ್ತೆ. ಗಂಗರಾಜ ಕಾದಾಡಿಯೇ ತಗೊಂಡ. ಅದಿಯಮನ ಜತೆಗೆ ದಾಮೋದರ, ನರಸಿಂಹವರ್ಮ ಅನ್ನೋ ಚೋಳ ಸಾಮಂತರೂ ಸೋತ್ರು. ನೂರು ವರ್ಷದ ಚೋಳರ ಹಿಡಿತ ಸಡಿಲ ಆಯ್ತು.

ಈಗ ನೋಡಿ, ಗೆದ್ದವನು ಗಂಗರಾಜ, ಹೆಸರು ಬಂದದ್ದು ಯಾರಿಗೆ? 'ತಲಕಾಡುಗೊಂಡ', ಅಂದ್ರೆ ತಲಕಾಡನ್ನು ವಶ ಮಾಡಿಕೊಂಡವನು ಅನ್ನೋ ಬಿರುದು ರಾಜನಿಗೆ. ಆ ಬಿರುದನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ ಚಿನ್ನದ ನಾಣ್ಯಗಳೂ ಬಂದವು. 1117ರಲ್ಲಿ ತಲಕಾಡಿನಲ್ಲಿ ಕೀರ್ತಿನಾರಾಯಣ ದೇವಾಲಯ, ಅದೇ ವರ್ಷ ಬೇಲೂರಿನಲ್ಲಿ ನಾವೆಲ್ಲ ಶಾಲೆ ಟ್ರಿಪ್ಪಿನಲ್ಲಿ ನೋಡಿರೋ ಚೆನ್ನಕೇಶವ ದೇವಾಲಯ. ನಮಗೆ ಇವತ್ತು ಗೊತ್ತಿರೋ ಹೊಯ್ಸಳ ವೈಭವ ಶುರುವಾಗೋದೇ ಈ ಗೆಲುವಿನಿಂದ.

ಅದೇ ಹೊತ್ತಿಗೆ ಉತ್ತರದಿಂದ ಇನ್ನೊಂದು ಗಂಡಾಂತರ. ಹೊಯ್ಸಳರು ಆಗ ಲೆಕ್ಕಕ್ಕೆ ಸ್ವತಂತ್ರ ರಾಜರಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಸಾಮಂತರು. ಸಾಮಂತ ಹೀಗೆ ಬೆಳೆಯೋದನ್ನ ಚಕ್ರವರ್ತಿ ನೋಡ್ಕೊಂಡು ಕೂರ್ತಾನಾ? ಹನ್ನೆರಡು ಸಾಮಂತರ ಜತೆ ಚಾಲುಕ್ಯ ಸೈನ್ಯ ಬಂದು ಕಣ್ಣೆಗಾಲ ಅನ್ನೋ ಕಡೆ ಬೀಡು ಬಿಟ್ಟಿತು. 1118ರ ಸುಮಾರಿನ ಮಾತು ಇದು.

ಗಂಗರಾಜ ಬೆಳಗಾಗೋವರೆಗೂ ಕಾಯಲಿಲ್ಲ. ರಾತ್ರಿಯಲ್ಲೇ ಕುದುರೆ ಏರಿ ಬೀಡಿನ ಮೇಲೆ ಬಿದ್ದ. ದೊಡ್ಡ ಸೈನ್ಯ, ನಿದ್ದೆಗಣ್ಣು, ಕತ್ತಲು, ಯಾರು ನಮ್ಮವರು ಯಾರು ಪರರು ಅಂತ ತಿಳಿಯದ ಗೊಂದಲ. ಹನ್ನೆರಡು ಸಾಮಂತರೂ ಸೋತ್ರು. ಅವರ ಉಗ್ರಾಣ, ವಾಹನ ಎಲ್ಲ ಹಿಡಿದು ತಂದು ರಾಜನಿಗೆ ಒಪ್ಪಿಸಿದ.

ಇಲ್ಲಿ ಬರುತ್ತೆ ಕಥೆಯ ಮುಖ್ಯ ಘಟ್ಟ. ರಾಜ ಮೆಚ್ಚಿ, ನಿನಗೆ ಬೇಕಾದದ್ದು ಕೇಳು ಅಂದ. ಒಂದು ಸಲ ಅಲ್ಲ, ತಲಕಾಡು ಗೆದ್ದಾಗ ಒಂದು ಸಲ, ಕಣ್ಣೆಗಾಲ ಗೆದ್ದಾಗ ಇನ್ನೊಂದು ಸಲ. ಯೋಚನೆ ಮಾಡಿ. ಇಡೀ ಗಂಗವಾಡಿಯನ್ನು ಗೆದ್ದುಕೊಟ್ಟವನು. ಒಂದು ನಾಡನ್ನೇ ಕೇಳಬಹುದಿತ್ತು. ಅವನು ಕೇಳಿದ್ದು ಗೋವಿಂದವಾಡಿ ಅನ್ನೋ ಒಂದು ಹಳ್ಳಿ. ಅದನ್ನು ಶ್ರವಣಬೆಳಗೊಳದ ಗೊಮ್ಮಟನ ಪೂಜೆಗೆ ಬಿಟ್ಟುಕೊಟ್ಟ. ಎರಡನೇ ಸಲ ಕೇಳಿದ್ದು ಪರಮ ಅನ್ನೋ ಇನ್ನೊಂದು ಹಳ್ಳಿ. ಅದನ್ನು ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೆ ಕೊಟ್ಟ. ಎರಡೂ ಸಲ ತನಗೆ ಅಂತ ಇಟ್ಟುಕೊಳ್ಳಲಿಲ್ಲ.

'ಅಯ್ಯೋ, ಶಾಸನ ಬರೆಸಿದ್ದು ಅವರೇ ತಾನೇ, ಹೊಗಳಿಕೊಳ್ಳದೆ ಇರ್ತಾರಾ' ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಶಾಸನ ಓದೋವಾಗ ನಾನು ಅದನ್ನು ಎರಡು ಭಾಗ ಮಾಡಿ ಓದ್ತೀನಿ. ಮೊದಲ ಭಾಗ ಹೊಗಳಿಕೆ. ಸಿಂಹ, ಆನೆ, ಸಮುದ್ರ, ಎಲ್ಲ ಹೋಲಿಕೆ ಅಲ್ಲಿರುತ್ತೆ. ಅದನ್ನು ಅರ್ಧಕ್ಕರ್ಧ ಕಡಿಮೆ ಮಾಡಿಕೊಂಡೇ ಓದಬೇಕು. ಎರಡನೇ ಭಾಗ ದಾನದ ವಿವರ: ಯಾವ ಹಳ್ಳಿ, ಯಾವ ದಿನ, ಯಾರಿಗೆ, ಎಲ್ಲೆ ಎಲ್ಲಿಂದ ಎಲ್ಲಿಗೆ. ಇದು ಇವತ್ತಿನ ಸಬ್‌ರಿಜಿಸ್ಟ್ರಾರ್ ಆಫೀಸಿನ ಪತ್ರ ಇದ್ದ ಹಾಗೆ. ಊರಿನವರ ಎದುರಿಗೆ ಕಲ್ಲಿನಲ್ಲಿ ಕೊರೆಸಿದ ದಾಖಲೆ. ಅದರಲ್ಲಿ ಸುಳ್ಳು ಬರೆದ್ರೆ ಮಾರನೇ ದಿನವೇ ಜಗಳ. ಗಂಗರಾಜನ ಬಗ್ಗೆ ನನಗೆ ನಂಬಿಕೆ ಬಂದಿದ್ದು ಈ ಎರಡನೇ ಭಾಗದಿಂದ.

ಅವನು ಕಟ್ಟಿಸಿದ್ದನ್ನು ಈಗಲೂ ಹೋಗಿ ನೋಡಬಹುದು. ಕೊಣನೂರಿನಿಂದ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ದಾಟಿದ್ರೆ ಶ್ರವಣಬೆಳಗೊಳ. ದೊಡ್ಡ ಬೆಟ್ಟದ ಮೇಲಿನ 58 ಅಡಿಯ ಗೊಮ್ಮಟನನ್ನು ಮಾಡಿಸಿದ್ದು ಚಾವುಂಡರಾಯ, 981ರ ಸುಮಾರಿಗೆ. ಅವನೂ ದಂಡನಾಯಕನೇ, ಗಂಗರ ಕಾಲದವನು. ಆಮೇಲೆ ನೂರು ವರ್ಷಕ್ಕೂ ಮೇಲೆ ಮೂರ್ತಿ ಬೆಟ್ಟದ ಮೇಲೆ ಬಯಲಲ್ಲೇ ನಿಂತಿತ್ತು. ಸುತ್ತ ಇರೋ ಸುತ್ತಾಲಯ ಕಟ್ಟಿಸಿದ್ದು ಗಂಗರಾಜ. ಗೊಮ್ಮಟನ ಪಾದದ ಬಳಿಯ ಚಿಕ್ಕ ಬರಹಗಳಲ್ಲಿ ಚಾವುಂಡರಾಯನ ಹೆಸರಿದೆ, ಅದರ ಜತೆಗೇ ಗಂಗರಾಜನ ಹೆಸರೂ ಇದೆ. ಮಹಾಮಸ್ತಕಾಭಿಷೇಕಕ್ಕೆ ಲಕ್ಷಾಂತರ ಜನ ಬರ್ತಾರೆ, ಎಲ್ಲರೂ ತಲೆ ಎತ್ತಿ ಮುಖ ನೋಡ್ತಾರೆ. ಪಾದದ ಹತ್ತಿರ ಬರೆದದ್ದನ್ನು ನೋಡೋರು ಕಡಿಮೆ.

ಎದುರಿಗಿರೋ ಚಿಕ್ಕ ಬೆಟ್ಟಕ್ಕೆ ಹತ್ತಿದ್ರೆ ಅಲ್ಲಿ ಗಂಗರಾಜನ ಇಡೀ ಮನೆಯೇ ಸಿಗುತ್ತೆ. ಅವನು ಕಟ್ಟಿಸಿದ್ದು ಶಾಸನ ಬಸದಿ. ಬಾಗಿಲಲ್ಲೇ ದೊಡ್ಡ ಶಾಸನ ಇರೋದ್ರಿಂದ ಆ ಹೆಸರು. ತಾಯಿಗೋಸ್ಕರ ಕಟ್ಟಿಸಿದ್ದು ಕತ್ತಲೆ ಬಸದಿ. ಹೆಂಡತಿ ಲಕ್ಷ್ಮಿ ಕಟ್ಟಿಸಿದ್ದು ಎರಡುಕಟ್ಟೆ ಬಸದಿ. 1118ರ ಆಸುಪಾಸಿನಲ್ಲಿ ಇವೆಲ್ಲ ಎದ್ದು ನಿಂತವು. ಪಕ್ಕದ ಜಿನನಾಥಪುರ ಅನ್ನೋ ಊರನ್ನು ಮಾಡಿಸಿದ್ದೂ ಗಂಗರಾಜನೇ.

ಆಮೇಲಿನ ಕೆಲವೇ ವರ್ಷದಲ್ಲಿ ಅದೇ ಬೆಟ್ಟದ ಮೇಲೆ ಬೇರೆ ಥರದ ಕಲ್ಲುಗಳು ಬಂದವು. 1120ರ ಸುಮಾರಿಗೆ ತಾಯಿ ಪೋಚಿಕಬ್ಬೆ ಜೈನರ ಸಂಪ್ರದಾಯದಂತೆ ಆಹಾರ ತ್ಯಜಿಸಿ ಪ್ರಾಣ ಬಿಟ್ಟಳು. 1121ರಲ್ಲಿ ಹೆಂಡತಿ ಲಕ್ಷ್ಮಿಯೂ ಹಾಗೆಯೇ ಹೋದಳು. 1123ರಲ್ಲಿ ಗುರು ಶುಭಚಂದ್ರ ದೇವರು. ಮೂವರಿಗೂ ಸ್ಮಾರಕ ನಿಲ್ಲಿಸಿದ್ದು ಗಂಗರಾಜ. ಹನ್ನೆರಡು ಸಾಮಂತರನ್ನು ಒಂದೇ ರಾತ್ರಿಯಲ್ಲಿ ಓಡಿಸಿದವನು ನಾಲ್ಕು ವರ್ಷದೊಳಗೆ ತಾಯಿ, ಹೆಂಡತಿ, ಗುರು ಮೂವರನ್ನೂ ಕಳಕೊಂಡ. ಯುದ್ಧದ ಶಾಸನಕ್ಕಿಂತ ಈ ಮೂರು ಕಲ್ಲುಗಳಲ್ಲಿ ನನಗೆ ಅವನು ಮನುಷ್ಯನಾಗಿ ಹೆಚ್ಚು ಕಾಣ್ತಾನೆ.

ಗಂಗರಾಜನ ಬಿರುದುಗಳಲ್ಲಿ ಒಂದು 'ದ್ರೋಹಘರಟ್ಟ'. ಘರಟ್ಟ ಅಂದ್ರೆ ಬೀಸುವ ಕಲ್ಲು. ದ್ರೋಹಿಗಳನ್ನು ರಾಗಿ ಬೀಸಿದ ಹಾಗೆ ಬೀಸಿ ಹಾಕೋನು ಅಂತ ಅರ್ಥ. ಹಳೇಬೀಡಿನ ಶಾಸನದಲ್ಲಿ ಅವನ ಪ್ರಕಾರ ಏಳು ನರಕ ಯಾವುವು ಅಂತ ಒಂದು ಪಟ್ಟಿ ಇದೆ. ನರಕ ಅಂದ್ರೆ ಎಣ್ಣೆ ಕೊಪ್ಪರಿಗೆ, ಮುಳ್ಳಿನ ಹಾಸಿಗೆ ಅಲ್ಲ. ನಮ್ಮ ಮಾತಿನಲ್ಲಿ ಹೇಳೋದಾದ್ರೆ: ಸುಳ್ಳು ಹೇಳೋದು ಒಂದು ನರಕ. ಯುದ್ಧದಲ್ಲಿ ಹೆದರೋದು ಒಂದು. ಪರಸ್ತ್ರೀಯ ಹಿಂದೆ ಬೀಳೋದು ಒಂದು. ಶರಣು ಬಂದವರನ್ನು ಕೈಬಿಡೋದು ಒಂದು. ಬೇಡಿ ಬಂದವರನ್ನು ಬರಿಗೈಯಲ್ಲಿ ಕಳಿಸೋದು ಒಂದು. ನಂಬಿದವರನ್ನು ತೊರೆಯೋದು ಒಂದು. ಕೊನೆಯದು, ಒಡೆಯನಿಗೆ ದ್ರೋಹ ಮಾಡಿ ಬದುಕೋದು.

ಆ ಕೊನೆಯ ನರಕದ ಹತ್ತಿರ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಅಲ್ಲೊಂದು ತೊಡಕಿದೆ. ಗಂಗರಾಜ ತನ್ನ ಒಡೆಯ ವಿಷ್ಣುವರ್ಧನನಿಗೆ ನಿಷ್ಠನಾಗಿದ್ದ, ನಿಜ. ಆದರೆ ವಿಷ್ಣುವರ್ಧನನಿಗೂ ಒಬ್ಬ ಒಡೆಯ ಇದ್ದನಲ್ಲ, ಚಾಲುಕ್ಯ ಚಕ್ರವರ್ತಿ! ಕಲ್ಯಾಣದಲ್ಲಿ ಕೂತವರ ಕಣ್ಣಿಗೆ ಕಣ್ಣೆಗಾಲದ ರಾತ್ರಿ ಶೌರ್ಯ ಅಲ್ಲ, ಸ್ವಾಮಿದ್ರೋಹ. ಒಬ್ಬರ ನಿಷ್ಠೆ ಇನ್ನೊಬ್ಬರ ಲೆಕ್ಕದಲ್ಲಿ ಬಂಡಾಯ. ಚರಿತ್ರೆಯನ್ನು ಯಾವ ಊರಲ್ಲಿ ನಿಂತು ಓದ್ತೀವಿ ಅನ್ನೋದರ ಮೇಲೆ ಇದು ಬದಲಾಗುತ್ತೆ. ಗಂಗರಾಜನನ್ನು ಮೆಚ್ಚೋಣ, ಆದರೆ ಇದನ್ನೂ ಮನಸ್ಸಲ್ಲಿ ಇಟ್ಕೊಂಡೇ ಮೆಚ್ಚೋಣ.

ಹಾಗೇ ಇನ್ನೊಂದು ಮಾತು. ಆ ರಾತ್ರಿ ಗಂಗರಾಜ ಒಬ್ಬನೇ ಹೋಗಲಿಲ್ಲ. ಅವನ ಜತೆ ಕುದುರೆ ಏರಿ ಹೋದವರು, ತಲಕಾಡಿನಲ್ಲಿ ಸತ್ತವರು ನಮ್ಮಂಥ ಊರುಗಳ ಹುಡುಗರೇ. ಅವರಿಗೆ ಬಸದಿಯ ಬಾಗಿಲಲ್ಲಿ ಹೆಸರಿಲ್ಲ. ಆ ಕಾಲದಲ್ಲಿ ಹಾಗೆ ಸತ್ತವರಿಗೆ ಊರು ಕೊಡ್ತಿದ್ದ ಗೌರವ ಅಂದ್ರೆ ವೀರಗಲ್ಲು. ನಿಮ್ಮ ಊರಿನ ಕೆರೆ ಏರಿ ಮೇಲೋ, ಗುಡಿ ಹಿಂದೆಯೋ ಮಣ್ಣಲ್ಲಿ ಅರ್ಧ ಹೂತು ನಿಂತಿರುತ್ತಲ್ಲ, ಅದೇ ಕಲ್ಲು. ಕೆಳಗೆ ಯುದ್ಧ, ನಡುವೆ ಅಪ್ಸರೆಯರು ಕರೆದೊಯ್ಯೋದು, ಮೇಲೆ ದೇವರ ಸನ್ನಿಧಿ. ಅದರ ಮೇಲೆ ಬಟ್ಟೆ ಒಗೆಯೋರೂ ಇದ್ದಾರೆ, ಅರಿಸಿನ ಕುಂಕುಮ ಇಡೋರೂ ಇದ್ದಾರೆ.

ಈಗ ಇವತ್ತಿಗೆ ಬೇಕಾದ ವಿಷಯಕ್ಕೆ ಬರ್ತೀನಿ. ವಿಷ್ಣುವರ್ಧನನ ಬಗ್ಗೆ ಬಹಳ ವರ್ಷದಿಂದ ಒಂದು ಕಥೆ ಓಡಾಡ್ತಾ ಇದೆ. ಅವನು ಮೊದಲು ಜೈನ, ರಾಮಾನುಜರ ಪ್ರಭಾವದಿಂದ ವೈಷ್ಣವನಾದ, ಆಮೇಲೆ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದ ಅಂತ. ಈಗ ಇಂಥ ಕಥೆಗಳು ಮೊಬೈಲಿನಲ್ಲಿ ಫಾರ್ವರ್ಡ್ ಆಗಿ ಬರುತ್ತವೆ. ಕೆಳಗೆ 'ನಿಜವಾದ ಇತಿಹಾಸ, ಎಲ್ಲರಿಗೂ ಕಳಿಸಿ' ಅಂತ ಬರೆದಿರುತ್ತೆ.

ಕಲ್ಲು ಏನು ಹೇಳುತ್ತೆ ನೋಡೋಣ. ಅವನ ಮಹಾದಂಡನಾಯಕ ಗಂಗರಾಜ ಜೈನ, ಕೊನೆಯವರೆಗೂ ಜೈನನಾಗಿಯೇ ಇದ್ದ. ಯುದ್ಧ ಗೆದ್ದು ಬಂದ ಅವನಿಗೆ ರಾಜ ಕೊಟ್ಟ ಹಳ್ಳಿಗಳು ಬಸದಿಗೆ ಹೋದವು. ರಾಣಿ ಶಾಂತಲೆ 1123ರಲ್ಲಿ ಚಿಕ್ಕ ಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಇದೆಲ್ಲ ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಆದ ಮೇಲಿನ, ಇಲ್ಲವೇ ಅದೇ ಹೊತ್ತಿನ ಮಾತು.

ಇದಕ್ಕಿಂತ ಗಟ್ಟಿ ಸಾಕ್ಷಿ 1133ರದ್ದು. ಆ ಹೊತ್ತಿಗೆ ಗಂಗರಾಜ ತೀರಿಕೊಂಡಿದ್ದ. ಮಗ ಬೊಪ್ಪ ತಂದೆಯ ನೆನಪಿಗೆ ದೋರಸಮುದ್ರದಲ್ಲಿ, ರಾಜಧಾನಿಯ ನಡುವೆಯೇ, ಒಂದು ಬಸದಿ ಕಟ್ಟಿಸಿದ. ಅದಕ್ಕಿಟ್ಟ ಹೆಸರು ದ್ರೋಹಘರಟ್ಟ ಜಿನಾಲಯ. ತಂದೆಯ ಬಿರುದೇ ಬಸದಿಯ ಹೆಸರು. ಪ್ರತಿಷ್ಠೆ ಆದ ಮೇಲೆ ಅಲ್ಲಿಯ ಅರ್ಚಕರು ಪ್ರಸಾದ ತಗೊಂಡು ಬಂಕಾಪುರಕ್ಕೆ ಹೋದ್ರು, ರಾಜ ಆಗ ಅಲ್ಲಿದ್ದ. ಮಸಣ ಅನ್ನೋ ಶತ್ರುವನ್ನು ಆಗತಾನೆ ಗೆದ್ದಿದ್ದ. ಅದೇ ಹೊತ್ತಿಗೆ ಗಂಡುಮಗುವೂ ಹುಟ್ಟಿತ್ತು. ಪ್ರಸಾದ ಬಂದದ್ದು ನೋಡಿ ರಾಜ ಎದ್ದು ಕೈಮುಗಿದು ತಗೊಂಡ. ಈ ದೇವರ ಪ್ರತಿಷ್ಠೆಯಿಂದಲೇ ವಿಜಯವೂ ಮಗನೂ ಸಿಕ್ಕಿದ್ದು ಅಂತ ದೇವರಿಗೆ 'ವಿಜಯ ಪಾರ್ಶ್ವ' ಅಂತಲೂ, ಮಗನಿಗೆ 'ವಿಜಯ ನರಸಿಂಹ' ಅಂತಲೂ ಹೆಸರಿಟ್ಟ. ಆ ಮಗುವೇ ಮುಂದೆ ಒಂದನೇ ನರಸಿಂಹ ಅನ್ನೋ ಹೊಯ್ಸಳ ರಾಜ ಆದ.

ಗಾಣಕ್ಕೆ ಹಾಕಿದ ರಾಜ ಇವನೇನಾ? ನೀವೇ ಯೋಚನೆ ಮಾಡಿ. ವೈಷ್ಣವ ದೇವಾಲಯ ಕಟ್ಟಿಸಿದ ರಾಜ, ಜೈನ ದಂಡನಾಯಕ, ಇಬ್ಬರೂ ಒಂದೇ ಬೀಡಿನಲ್ಲಿದ್ರು. ದೇವರು ಬೇರೆ ಬೇರೆ, ನಂಬಿಕೆ ಒಬ್ಬರ ಮೇಲೊಬ್ಬರಿಗೆ. ಅಷ್ಟು ದೊಡ್ಡ ಸೈನ್ಯವನ್ನು ಒಬ್ಬನ ಕೈಗೆ ಕೊಟ್ಟು ನಿದ್ದೆ ಮಾಡಬೇಕಾದ್ರೆ ರಾಜನಿಗೂ ಎಷ್ಟು ಧೈರ್ಯ ಬೇಕು! ದಂಡನಾಯಕ ಸಿಂಹಾಸನ ಕೇಳಲಿಲ್ಲ, ರಾಜ ಅವನ ಧರ್ಮ ಕೇಳಲಿಲ್ಲ. ಹೊಯ್ಸಳ ರಾಜ್ಯ ಗಟ್ಟಿಯಾಗಿದ್ದು ಈ ಒಪ್ಪಂದದ ಮೇಲೆ ಅಂತ ನನ್ನ ಅಭಿಪ್ರಾಯ.

ಈ ಶಾಸನಗಳನ್ನು ಹುಡುಕಿ, ಓದಿ, ಅಚ್ಚು ಹಾಕಿಸಿದ್ದು ಬಿ.ಎಲ್. ರೈಸ್. ಶ್ರವಣಬೆಳಗೊಳದ ಸಂಪುಟ 1889ರಲ್ಲೇ ಬಂತು. ಆಮೇಲೆ ಆರ್. ನರಸಿಂಹಾಚಾರ್ ಇನ್ನೂ ಎಷ್ಟೋ ಶಾಸನ ಸೇರಿಸಿ ಅದನ್ನು ದೊಡ್ಡದು ಮಾಡಿದ್ರು. 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ ಹೆಸರು. ಮುಂದಿನ ಸಲ ಯಾರಾದ್ರೂ 'ನಿಜವಾದ ಇತಿಹಾಸ' ಕಳಿಸಿದ್ರೆ, ಯಾವ ಶಾಸನದಲ್ಲಿದೆ, ಯಾವ ಊರಲ್ಲಿದೆ ಅಂತ ಎರಡೇ ಪ್ರಶ್ನೆ ಕೇಳಿ. ಸಾಕು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹಳೇಬೀಡಿಗೆ ಹೋಗೋರು ಜಾಸ್ತಿ ಆಗಿದ್ದಾರೆ. ಎಲ್ಲರೂ ಹೊಯ್ಸಳೇಶ್ವರ ನೋಡಿ, ಸೆಲ್ಫಿ ತಗೊಂಡು, ಎಳನೀರು ಕುಡಿದು ಬಸ್ ಹತ್ತುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರ ನಡೆದ್ರೆ ಬಸ್ತಿಹಳ್ಳಿ. ಅಲ್ಲಿನ ಪಾರ್ಶ್ವನಾಥ ಬಸದಿಯೇ ಬೊಪ್ಪ ಕಟ್ಟಿಸಿದ ದ್ರೋಹಘರಟ್ಟ ಜಿನಾಲಯ. ಹೊರಗಡೆ ಅಷ್ಟೇನೂ ಕೆತ್ತನೆ ಇಲ್ಲ, ಮಾಮೂಲಿ ಗೋಡೆ ಅನ್ನಿಸುತ್ತೆ. ಒಳಗೆ ಹೋಗಿ. ಕಡೆದು ನುಣುಪು ಮಾಡಿದ ಕರಿಕಲ್ಲಿನ ಕಂಬಗಳಿವೆ, ಕನ್ನಡಿ ಥರ ಹೊಳೆಯುತ್ತವೆ. ಸುಮಾರು 900 ವರ್ಷದ ಕಂಬದಲ್ಲಿ ನಿಮ್ಮ ಮುಖ ನಿಮಗೇ ಕಾಣುತ್ತೆ.

ಇವತ್ತಿನ ಕಂತು ಇಷ್ಟು. ನಿಮ್ಮ ಊರಲ್ಲಿ ವೀರಗಲ್ಲೋ ಶಾಸನವೋ ಇದ್ರೆ ಒಂದು ಫೋಟೋ ತೆಗೆದಿಟ್ಕೊಳ್ಳಿ, ರಸ್ತೆ ಅಗಲ ಮಾಡೋವಾಗ ಜೆಸಿಬಿ ಅದರ ಮೇಲೆ ಹೋಗದ ಹಾಗೆ ಪಂಚಾಯ್ತಿಯವರಿಗೂ ಒಂದು ಮಾತು ಹೇಳಿ.